ಕುಸುಬಿ ಎಣ್ಣೆ ಕುಡಿದ ಸೈಕಲ್ಲು

ಟಿರ್‌ರ್‌ರ್ ಎಂದು ಬರುತ್ತಿತ್ತು ಆ ಸಪ್ಪಳ, ನಡುವೆ ಎಲ್ಲೂ ಕಡಿಯದೆ. ಇಂಡಿ ಕಡೆಯಿಂದ ಬರುವ ರಸ್ತೆ ನಮ್ಮ ತಾಂಬಾ ಮುಟ್ಟುವ ಮೊದಲು ಒಂದು ಸಣ್ಣ ಇಳಿಜಾರು ಇತ್ತು. ಅಲ್ಲಿಗೆ ಬಂದನೆಂದರೆ ನನ್ನ ಅಣ್ಣ ಪೆಡಲ್ ತುಳಿಯುವುದನ್ನು ನಿಲ್ಲಿಸಿ ಸೈಕಲ್ಲನ್ನು ಅದರ ಪಾಡಿಗೆ ಬಿಡುತ್ತಿದ್ದ. ಆಗ ಹಿಂದಿನ ಗಾಲಿಯ ಫ್ರೀವೀಲು ಸಂಜೆಯ ಜೀರುಂಡೆಗಳ ಜೊತೆ ಪಂದ್ಯ ಕಟ್ಟಿದ ಹಾಗೆ ಹಾಡಿಕೊಂಡು ಬರುತ್ತಿತ್ತು. ಅದನ್ನು ಕೇಳಿದ ಮೇಲೆಯೇ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಅಣ್ಣ ಕೈಕಾಲು ತೊಳೆದು ಬಂದು ಕೂರುವುದಕ್ಕೂ ಮೊದಲ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು. ಮುಂದೆ ಇಂಗ್ಲಿಷ್ ಟೀಚರಾಗಿ ನಾನು ಮಕ್ಕಳಿಗೆ ಪಂಕ್ಚುಯಾಲಿಟಿ ಎಂಬ ಶಬ್ದದ ಅರ್ಥ ಹೇಳುವಾಗಲೆಲ್ಲ ಆ ಹಂಚು ಕಣ್ಣ ಮುಂದೆ ಬರುತ್ತಿತ್ತು.

ಅಣ್ಣ ಇಂಡಿಯ ಕಚೇರಿಯಲ್ಲಿ ಗುಮಾಸ್ತ. ಊರಲ್ಲಿ ಎಲ್ಲರ ಬಳಿಯೂ ಹಾಲಿನ ಕ್ಯಾನು ಹೊರುವ ಗಟ್ಟಿಮುಟ್ಟಾದ ಕರಿ ಸೈಕಲ್ ಇದ್ದರೆ, ಇವನು ಸೊಲ್ಲಾಪುರದ ಹಳೇ ಬಜಾರಿನಿಂದ ಒಂದು ವಿಲಾಯತಿ ರೇಸ್ ಸೈಕಲ್ ತಂದಿದ್ದ. ಬಾಟಲ್ ಗ್ರೀನ್ ಬಣ್ಣ, ಅದರ ಮೇಲೆ ಕೂದಲೆಳೆಯಂಥ ಬಂಗಾರದ ಗೆರೆ, ಬೆರಳಿಗಿಂತ ಸ್ವಲ್ಪವೇ ದಪ್ಪನೆಯ ಟೈರು. ಹ್ಯಾಂಡಲ್ ಕೆಳಮುಖವಾಗಿ ಬಾಗಿ ಸುತ್ತಿಕೊಂಡಿತ್ತು. ಜನ ಅದನ್ನು ಟಗರಿನ ಕೋಡು ಎಂದು ಕರೆದರು. ಅಣ್ಣ ಊರೊಳಗೆ ಬಂದರೆ ಕಟ್ಟೆಯ ಮೇಲೆ ಕೂತವರು, ಟಗರು ಬಂತು ದಾರಿ ಬಿಡ್ರಿ ಎಂದು ಕಾಲು ಒಳಗೆ ಎಳೆದುಕೊಳ್ಳುತ್ತಿದ್ದರು.

ವೈನಿ ಆ ಮನೆಗೆ ಬಂದಾಗ ಅವಳಿಗೆ ಹದಿನೇಳು, ನನಗೆ ಹದಿನಾಲ್ಕು. ಮೂರೇ ವರ್ಷದ ಅಂತರ, ಹಾಗಾಗಿ ಮೊದಲ ದಿನದಿಂದಲೂ ನಮ್ಮಿಬ್ಬರ ನಡುವೆ 'ನೀ' ಎಂಬುದೇ ನಡೆಯಿತು. ನಾನು ವಿಜಾಪುರದ ಕಾನ್ವೆಂಟಿನಲ್ಲಿ ಹಾಸ್ಟೆಲ್ ಹುಡುಗಿ. ರಜೆಗೆ ಬಂದಾಗ ಮಾತಿಗೆ ಮೊದಲು 'ಎಕ್ಸ್‌ಕ್ಯೂಸ್ ಮಿ' ಎನ್ನುತ್ತಿದ್ದೆ. ವೈನಿ ಆ ಎರಡು ಶಬ್ದವನ್ನು ಎಮ್ಮೆಗಳಿಗೆ ಹೇಳುತ್ತಿದ್ದಳು, ಸಗಣಿ ಬಳಿಯುವ ಮೊದಲು.

ಒಂದು ಬೇಸಿಗೆ ರಜೆಯಲ್ಲಿ, ಭಾನುವಾರ ಮಧ್ಯಾಹ್ನ ಅಣ್ಣ ಮಲಗಿದಾಗ, ನಾವಿಬ್ಬರೂ ಆ ಸೈಕಲ್ಲನ್ನು ಊರ ಹೊರಗಿನ ಕಣಕ್ಕೆ ತಳ್ಳಿಕೊಂಡು ಹೋದೆವು. ಜೋಳದ ರಾಶಿ ಮುಗಿದು ಕಣ ಖಾಲಿ ಬಿದ್ದಿತ್ತು. ನಾನು ಸ್ಕರ್ಟಿನಲ್ಲಿ ಆ ಎತ್ತರದ ನಡುಗಂಬಿಯ ಮೇಲೆ ಕಾಲು ಹಾಕಲಾರೆ. ಕಾಲು ಅಗಲಿಸಿ ಕೂರುವುದು ಲೇಡಿಲೈಕ್ ಅಲ್ಲ ಎಂದು ಸಿಸ್ಟರ್‌ಗಳು ಹೇಳಿದ್ದು ಬೇರೆ ಬೆನ್ನಿಗಿತ್ತು. ವೈನಿಗೆ ಆ ತೊಂದರೆಯೇ ಇರಲಿಲ್ಲ. ಅವಳದು ಕಚ್ಚೆ ಸೀರೆ. ಕಚ್ಚೆ ಒಮ್ಮೆ ಬಿಗಿದುಕೊಂಡಳು, ಹಾರಿ ಕೂತಳು. ನಾನು ಹಿಂದಿನಿಂದ ಸೀಟು ಹಿಡಿದು ಓಡಿದೆ. ನಾಲ್ಕನೇ ಭಾನುವಾರ ನಾನು ಕೈ ಬಿಟ್ಟದ್ದು ಅವಳಿಗೆ ಗೊತ್ತಾಗಲಿಲ್ಲ. ಕಣ ಪೂರ್ತಿ ಎರಡು ಸುತ್ತು ಹಾಕಿದಳು. ಮೂರನೆಯದರಲ್ಲಿ ತಿರುಗಿ ನೋಡಿದಳು, ಕಣದ ನಡುವಿನ ಮೇಟಿ ಕಂಬಕ್ಕೆ ಹೋಗಿ ಹೊಡೆದಳು, ಮುಂದಿನ ಹಲ್ಲಿನ ತುದಿ ಮುರಿಯಿತು. ನಮ್ಮ ಅವ್ವನಿಗೆ ಹುರಿದ ಕಡಲೆ ಕಡಿದೆ ಎಂದು ಹೇಳಿದಳು. ನಾನು ಸಾಕ್ಷಿ. ಸುಳ್ಳು ಹೇಳುವುದು ಸಿನ್ ಎಂದು ಕಲಿತವಳು, ಮುಖ ಗಂಭೀರ ಮಾಡಿಕೊಂಡು, ಆ ಕಡಲೆ ಬಹಳ ಗಟ್ಟಿ ಇತ್ತು ಎಂದೆ.

ನಾನು ಮಾತ್ರ ಕಲಿಯಲಿಲ್ಲ. ಮೊದಲು ಸ್ಕರ್ಟು, ಆಮೇಲೆ ಸೀರೆ, ಆಮೇಲೆ ನೌಕರಿ, ಆಮೇಲೆ ಡಿಗ್ನಿಟಿ.

ಅಣ್ಣ ತೀರಿಹೋಗಿ ಮೂವತ್ತು ವರ್ಷದ ಮೇಲಾಯಿತು. ಸೈಕಲ್ಲು ಕೊಟ್ಟಿಗೆಯ ಗೋಡೆಗೆ ಎರಡು ಗೂಟದ ಮೇಲೆ ತೂಗಿಕೊಂಡು ಉಳಿಯಿತು. ದಸರೆಯಲ್ಲಿ ಖಂಡೆ ಪೂಜೆಗೆ ಮನೆಯಲ್ಲಿರುವ ಕುಡಗೋಲು, ಕೊಡಲಿ, ಈಳಿಗೆ ಎಲ್ಲವನ್ನೂ ತೊಳೆದು ಸಾಲಾಗಿ ಇಡುವುದು ನಮ್ಮ ಕಡೆಯ ಪದ್ಧತಿ. ಆ ಸಾಲಿನ ಕೊನೆಗೆ ವೈನಿ ಸೈಕಲ್ಲನ್ನೂ ಇಳಿಸಿ ನಿಲ್ಲಿಸುತ್ತಿದ್ದಳು. ವಿಭೂತಿ ಹಚ್ಚಿ, ಹೂ ಏರಿಸಿ, ಗಿಂಡಿಯಿಂದ ಕುಸುಬಿ ಎಣ್ಣೆಯನ್ನು ಗಾಲಿಗೂ ಚೈನಿಗೂ ಧಾರಾಳವಾಗಿ ಎರೆದು, ಉಳಿದದ್ದನ್ನು ಅರಿವೆಯಲ್ಲಿ ಮೈಗೆಲ್ಲ ಒರೆಸುತ್ತಿದ್ದಳು. ನಾನು ದಸರೆಗೆ ಹೋದಾಗ ಕಂಡಿದ್ದೇನೆ. ಎಂಥ ಡಿವೋಷನ್ ಎಂದುಕೊಂಡಿದ್ದೇನೆ.

ಕಳೆದ ವರ್ಷ ಆಷಾಢದಲ್ಲಿ ವೈನಿಯ ಫೋನು ಬಂತು. ನಾನಿರುವುದು ಬಸವನ ಬಾಗೇವಾಡಿಯಲ್ಲಿ. ಮುದ್ದೇಬಿಹಾಳದಲ್ಲಿ ಅವಳ ಮಗಳು ಹೊಸ ಮನೆ ಕಟ್ಟಿಸಿದ್ದಾಳೆ. ಪಂಚಮಿಗೆ ಜೋಕಾಲಿ ಅಲ್ಲೇ ಕಟ್ಟೋಣ, ಇನ್ನು ಅಲ್ಲೇ ಇರು ಎಂದಿದ್ದಾಳೆ. ವೈನಿಗೂ ಮನಸ್ಸಿದೆ. ಮೊಮ್ಮಕ್ಕಳ ಜೊತೆ ದಿನಾ ಸಂಜೆ ಟಿವಿ ಮುಂದೆ ಜಗಳಾಡಬಹುದು ಎಂದು ಖುಷಿಯಿಂದಲೇ ಹೇಳಿದಳು. ತೊಂದರೆ ಒಂದೇ. ಮಗಳು ಬಹಳ ಅಚ್ಚುಕಟ್ಟಿನವಳು. ಟೆಂಪೋದಲ್ಲಿ ಏನೇನು ತರಬಹುದು ಎಂದು ಪಟ್ಟಿ ಮಾಡಿ ಓದಿ ಹೇಳಿದ್ದಾಳೆ. ಸೈಕಲ್ಲಿನ ಮಾತು ಬಂದಾಗ ಹೀಗಂದಳಂತೆ: "ಎವ್ವಾ, ಗಾಲಿ ತಿರಗೂದಾದ್ರ ತಗೊಂಡ ಬಾ. ತಿರಗಲಿಲ್ಲಾಂದ್ರ ಗುಜರಿಯವಗ ಕೊಟ್ಟ ಬಾ."

"ಅಕಿ ಅಂದದ್ದೂ ಖರೇನ ಐತಿ," ಎಂದಳು ವೈನಿ. "ಆದ್ರ ನಾ ಅದನ್ನ ಬಿಟ್ಟ ಹೋಗೂದಿಲ್ಲ. ಪಂಚಮಿಯೊಳಗ ನೀ ಏನರ ಮಾಡಿ ತಿರಗಿಸಿ ಕೊಡು. ಕಾನ್ವೆಂಟ್ ಕಲ್ತಾಕಿ ನೀ."

ಕಾನ್ವೆಂಟಿಗೂ ಸೈಕಲ್ ರಿಪೇರಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಎರಡು ಬಸ್ಸು ಹತ್ತಿ ತಾಂಬಾಕ್ಕೆ ಹೋದೆ. ಗೂಟದಿಂದ ಸೈಕಲ್ಲು ಇಳಿಸಿ ನೋಡಿದೆ. ಬಾಟಲ್ ಗ್ರೀನ್ ಎಲ್ಲಿ, ಬಂಗಾರದ ಗೆರೆ ಎಲ್ಲಿ? ಮೈತುಂಬ ಕಂದು ಬಣ್ಣದ ಅಂಟು ಗಟ್ಟಿಯಾಗಿ ಕೂತಿತ್ತು. ಅದರೊಳಗೆ ವರ್ಷಗಟ್ಟಲೆಯ ಹೊಟ್ಟು, ಧೂಳು, ದನದ ಕೂದಲು. ಗಾಲಿ ತಿರುಗಿಸಲು ಹೋದರೆ ಇಡೀ ಸೈಕಲ್ಲೇ ಜೊತೆಗೆ ಎದ್ದು ಬಂತು. ಅದನ್ನು ಮೂರು ಗಾಲಿಯ ಟಂಟಂ ಗಾಡಿಯ ಮೇಲೆ ಕಟ್ಟಿಸಿಕೊಂಡು ಸಿಂದಗಿಗೆ ಒಯ್ದೆ.

ಸಿಂದಗಿಯಲ್ಲಿ ಒಬ್ಬ ಸೈಕಲ್ ಮಿಸ್ತ್ರಿ ಇದ್ದಾನೆ ಎಂದು ಟಂಟಂನವನೇ ಹೇಳಿದ್ದ. ಅರವತ್ತು ದಾಟಿದವನು. ಅಂಗಡಿಯ ತುಂಬ ಗೇರು ಇರುವ ಸಣ್ಣ ಮಕ್ಕಳ ಗುಲಾಬಿ ಸೈಕಲ್ಲುಗಳು, ನಡುವೆ ಇವನು. ಪ್ರಾಯದಲ್ಲಿ ರಸ್ತೆ ರೇಸುಗಳಲ್ಲಿ ಓಡಿಸಿದವನಂತೆ, ಅದರ ಗುರುತಾಗಿ ಮೊಣಕಾಲ ಕೆಳಗಿನ ಮೀನಖಂಡ ಈಗಲೂ ಗಟ್ಟಿಯಾಗಿತ್ತು. ನನ್ನ ಸೈಕಲ್ಲನ್ನು ನೋಡಿದವನೇ ಒಳಗೆ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದ. ಆಮೇಲೆ ಮುಟ್ಟಿದ. ಅದನ್ನು ನೋಡಿಯೇ ನಾನು, ಕೆಲಸ ಇವನಿಗೇ ಎಂದು ನಿರ್ಧರಿಸಿದೆ.

ಅವನು ಉಗುರಿನಿಂದ ಅಂಟನ್ನು ಕೆರೆದು ಮೂಸಿದ. ಇನ್ನೊಮ್ಮೆ ಮೂಸಿದ. ಮುಖದ ಮೇಲೆ ನಗು ಬಂತು.

"ಅಕ್ಕೋರ, ಇದು ಗ್ರೀಸ್ ಅಲ್ರಿ. ಅಡಗಿ ಎಣ್ಣಿ."

"ಕುಸುಬಿ ಎಣ್ಣಿ," ಎಂದೆ. "ಪೂಜಾಕ್ಕ ಹಾಕತಿದ್ರು."

"ಪೂಜಾ ಅಲ್ರಿ ಇದು, ಒಗ್ಗರಣಿ. ಮೂವತ್ತ ವರ್ಷ ಒಗ್ಗರಣಿ ಕೊಟ್ಟಾರ."

ಆಮೇಲೆ ತಿಳಿಸಿ ಹೇಳಿದ. ಯಂತ್ರದ ಎಣ್ಣೆ ಎಷ್ಟು ವರ್ಷ ಹೋದರೂ ಎಣ್ಣೆಯೇ. ಕುಸುಬಿ ಎಣ್ಣೆ ಹಾಗಲ್ಲ, ಗಾಳಿಗೆ ಒಣಗುತ್ತದೆ, ಒಣಗಿ ವಾರ್ನಿಶ್ ಆಗುತ್ತದೆ. ಒಂದರ ಮೇಲೊಂದು ಮೂವತ್ತು ಪದರ ವಾರ್ನಿಶ್ ಗಾಲಿಯ ಒಳಗೂ ಫ್ರೀವೀಲಿನ ಒಳಗೂ ಕೂತಿದೆ. ಸೈಕಲ್ಲನ್ನು ತುಕ್ಕು ಹಾಳು ಮಾಡಿಲ್ಲ, ಪ್ರೀತಿ ಹಾಳು ಮಾಡಿದೆ ಎಂದ. ಎಣ್ಣೆ ಎರೆದವರು ಯಾರೋ ಅವರಿಗೆ ಇಷ್ಟು ಹೇಳಿಬಿಡಿ, ಮುಂದೆ ಯಾವ ಸೈಕಲ್ಲಿಗೂ ಹೀಗೆ ಮಾಡದಿರಲಿ ಎಂದೂ ಸೇರಿಸಿದ.

ಹೇಳುವುದು ಹೇಗೆ? ಮೂವತ್ತು ದಸರೆ ಒಬ್ಬಳು ಕೈಯಾರೆ ಎರೆದ ಎಣ್ಣೆ ಇದು. ನೀನು ಕಾಪಾಡಿದ್ದೇನೆ ಎಂದುಕೊಂಡದ್ದನ್ನು ನೀನೇ ಕೆಡಿಸಿದೆ ಎಂದು ಎಪ್ಪತ್ತೆರಡರ ಹೆಂಗಸಿಗೆ ಯಾವ ಬಾಯಿಂದ ಹೇಳಲಿ? ಅವತ್ತು ರಾತ್ರಿ ಫೋನಿನಲ್ಲಿ ರಿಪೇರಿ ನಡೆದಿದೆ ಎಂದಷ್ಟೇ ಹೇಳಿದೆ. ಮತ್ತೆ ಗಟ್ಟಿ ಕಡಲೆ.

ಮಿಸ್ತ್ರಿ ಬಹಳ ತಾಳ್ಮೆಯವನು. ನಾನು ಎರಡು ದಿನಕ್ಕೊಮ್ಮೆ ಬಾಗೇವಾಡಿಯಿಂದ ಬಸ್ ಹಿಡಿದು ಬಂದು ಅವನ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಮನೆಯಲ್ಲಿ, ಈ ವಯಸ್ಸಿನಲ್ಲಿ ಯಾವ ಕ್ಲಾಸಿಗೆ ಸೇರಿದೀರಿ ಎಂದು ನಗುತ್ತಿದ್ದರು. ನನಗೂ ಒಂದು ಕೆಲಸ ಸಿಕ್ಕಿತು. ಬಿಸಿನೀರಲ್ಲಿ ಅದ್ದಿದ ಅರಿವೆಯನ್ನು ಅಂಟಿನ ಮೇಲೆ ಸುತ್ತಿ ಇಡುವುದು, ಮೆತ್ತಗಾದ ಮೇಲೆ ತೆಂಗಿನ ಚಿಪ್ಪಿನ ಚೂರಿನಿಂದ ಮೆಲ್ಲಗೆ ಎಬ್ಬಿಸುವುದು. ಕಬ್ಬಿಣ ತಾಗಿಸುವ ಹಾಗಿಲ್ಲ, ಬಣ್ಣ ಗೀರುತ್ತದೆ. ಮೂರನೇ ದಿನ ನಡುಗಂಬಿಯ ಮೇಲೆ ಅಂಗೈಯಗಲದ ಅಂಟು ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ನೋಡುತ್ತೇನೆ: ಬಾಟಲ್ ಗ್ರೀನ್! ನಡುವೆ ಬಂಗಾರದ ಗೆರೆ, ನಿನ್ನೆ ಎಳೆದ ಹಾಗೆ. ಒಂದು ಚುಕ್ಕೆ ತುಕ್ಕಿಲ್ಲ. ಮಿಸ್ತ್ರಿ ಬಂದು ಬಗ್ಗಿ ನೋಡಿದ. ಗೆರೆಯ ಮೇಲೆ ಬೆರಳಾಡಿಸಿದ. ಆಮೇಲೆ, ಎಣ್ಣೆ ಹಾಕಿದವರಿಗೆ ಮೊದಲು ಹೇಳಿದ್ದನ್ನು ಹೇಳಬೇಡಿ, ಇದನ್ನು ಹೇಳಿ ಎಂದ.

ಟಗರಿನ ಕೋಡಿಗೆ ಇಂಡಿಯ ಲಿಂಬೆಹಣ್ಣು ಹೋಳು ಮಾಡಿ ತಿಕ್ಕಿದೆ. ಅದರಲ್ಲಿ ನನ್ನ ಮುಖ ಕಂಡಿತು, ಉದ್ದಕ್ಕೆ ಎಳೆದು ಬಾಗಿಸಿದ ಮುಖ. ಅಷ್ಟು ನಗು ಬಂದು ಎಷ್ಟು ವರ್ಷವಾಗಿತ್ತೋ.

ಮುಂದಿನ ಗಾಲಿ ಡೀಸೆಲ್ಲಿಗೆ ಒಲಿಯಿತು. ಹಿಂದಿನದರ ಫ್ರೀವೀಲು ಮಾತ್ರ ಯಾವುದಕ್ಕೂ ಒಲಿಯಲಿಲ್ಲ. ಡೀಸೆಲ್ಲಿನಲ್ಲಿ ವಾರ ನೆನೆಸಿದ. ಬಿಸಿ ಮಾಡಿದ. ಮರದ ಕೊಡತಿಯಿಂದ ತಟ್ಟಿದ. ಅದರ ಒಳಗೆ ಎರಡು ಸಣ್ಣ ಉಕ್ಕಿನ ನಾಲಗೆ ಇರುತ್ತವಂತೆ, ಅವು ಹಲ್ಲಿನ ಮೇಲೆ ಹಾರಿ ಹಾರಿ ಬಡಿದಾಗಲೇ ಆ ಟಿರ್‌ರ್‌ರ್. ಈಗ ಎರಡೂ ನಾಲಗೆ ಅಂಟಿನಲ್ಲಿ ಹೂತಿವೆ. ಪಂಚಮಿಗೆ ನಾಲ್ಕು ದಿನ ಉಳಿದಾಗ ಮಿಸ್ತ್ರಿ, ಹೊಸದು ಹಾಕಿದರೆ ಸಂಜೆಯೊಳಗೆ ಗಾಲಿ ತಿರುಗುತ್ತದೆ ಎಂದ. ಒಂದು ಹೊಸದನ್ನು ಕೈಯಲ್ಲಿ ತಿರುಗಿಸಿಯೂ ತೋರಿಸಿದ. ಕಿಲಿಕಿಲಿ ಎಂದು ಆಟಿಕೆಯ ಸಪ್ಪಳ. ಮಗಳ ಷರತ್ತಿಗೆ ಅದು ಸಾಕು. ಆದರೆ ವೈನಿ ಆ ಸಪ್ಪಳಕ್ಕೆ ಹಂಚು ಇಡುವುದಿಲ್ಲ. ಇನ್ನೊಬ್ಬರ ಪರವಾಗಿ ಒಪ್ಪುವ ಧೈರ್ಯ ನನಗಾಗಲಿಲ್ಲ. ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಎಣ್ಣೆಯ ವಿಷಯ ಸಹಿತ. ಪೂರ್ತಿ ಕೇಳಿ, ನಾಳೆ ಬರುತ್ತೇನೆ ಎಂದು ಫೋನ್ ಇಟ್ಟಳು.

ಮರುದಿನ ಮೊದಲ ಬಸ್ಸಿಗೆ ಬಂದಿಳಿದಳು. ಕೈಯಲ್ಲಿ ಒಂದು ಚೀಲ, ಒಂದು ಡಬ್ಬಿ. ಅಂಗಡಿಗೆ ಬಂದವಳೇ ಹಸಿರು ಸೈಕಲ್ಲಿನ ಮೇಲೆ ಕೈಯಾಡಿಸಿದಳು. ಕಣ್ಣು ತುಂಬಿತು, ಒರೆಸಿಕೊಂಡಳು. ನಾನು ಸಮಾಧಾನ ಹೇಳಲು ಸುರು ಮಾಡಿದೆ, ನಿನಗೇನು ಗೊತ್ತಿತ್ತು, ಪೂಜೆ ಎಂದು ಮಾಡಿದೆ, ಅದೇ ಎಣ್ಣೆಯೇ ಬಣ್ಣ ಉಳಿಸಿದೆ ಎಂದೆಲ್ಲ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಐವತ್ತ ವರ್ಷ ಒಲಿ ಮುಂದ ಕುಂತಾಕಿ ನಾ. ಕುಸುಬಿ ಎಣ್ಣಿ ಗಿಂಡಿ ಮುಚ್ಚಳ ಅಂಟತೈತಿ ಅನ್ನೂದು ನನಗ ಗೊತ್ತಿಲ್ಲೇನ?"

ಮಿಸ್ತ್ರಿ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ.

ಆಗ ಹೇಳಿದಳು. ಅಣ್ಣ ಹೋದ ವರ್ಷ ಬಳಗದವರೆಲ್ಲ ಸೈಕಲ್ ಕೇಳಲು ಬರತೊಡಗಿದರಂತೆ. ಒಬ್ಬ ಹೊಲಕ್ಕೆ ಹೋಗಿ ಬರುತ್ತೇನೆ ಎಂದ. ಇನ್ನೊಬ್ಬ ಹೂವಿನ ಹಿಪ್ಪರಗಿಯ ಬೀಗರ ಮನೆಗೆ ಒಯ್ದು ಎಂಟು ದಿನ ತರಲಿಲ್ಲ. ಮತ್ತೊಬ್ಬ, ನಡುಗಂಬಿಗೆ ಹುಲ್ಲಿನ ಹೊರೆ ಕಟ್ಟಿಕೊಂಡು ಬಂದ. ಗಂಡ ಹೋದ ಹೆಂಗಸು, ಬಳಗದವರಿಗೆ ಇಲ್ಲ ಎಂದರೆ ನಾಳೆ ರಾಶಿಗೆ ಯಾರು ಬರುತ್ತಾರೆ?

"ಇಲ್ಲ ಅನ್ನಾಕ ನನ್ನ ಬಾಯಿ ಬರಲಿಲ್ಲ. ಅದಕ್ಕ ಗಾಲಿ ಬಾಯಿಗಿ ಎಣ್ಣಿ ಹಾಕಿದ್ನಿ. ಬಂದಾವರಿಗೆ ಗಾಲಿನ ಇಲ್ಲ ಅಂತಿತ್ತು. ತಿರಗದ ಗಾಲಿ ಯಾರ ಒಯ್ತಾರ?" ಮುರಿದ ಹಲ್ಲು ಕಾಣುವಂತೆ ನಕ್ಕಳು. "ದೇವರ ಹೆಸರ ಹೇಳಿ ಹಾಕಿದ್ನಿ. ದೇವರೂ ಏನೂ ಅನ್ನಲಿಲ್ಲ."

ಮಿಸ್ತ್ರಿ ನಗಲಾರಂಭಿಸಿದವನು ನಿಲ್ಲಿಸಲೇ ಇಲ್ಲ. ನಾನು ಮಾತ್ರ, ಮೂವತ್ತು ವರ್ಷ ಡಿವೋಷನ್ ಎಂದುಕೊಂಡವಳು, ಸ್ಟೂಲಿನ ಮೇಲೆ ಕೂತೇ ಇದ್ದೆ. ಅಂಟಿಸಿದ್ದು ನೀನೇ ಆದರೆ ಬಿಡಿಸುವುದೂ ನಿನಗೆ ಗೊತ್ತಿರಬೇಕಲ್ಲ ಎಂದೆ. ಮತ್ತೆ ನಾನು ಬಂದದ್ದು ಯಾಕೆ, ಗಾಲಿಯಿಂದ ಅದನ್ನು ಕಳಚುವುದಷ್ಟೇ ನನಗೆ ಬಾರದ್ದು ಎಂದು ಚೀಲ ಬಿಚ್ಚಿದಳು. ಚೀಲದಲ್ಲಿ ತೊಗರಿ ಕಟ್ಟಿಗೆಯ ಬೂದಿ, ಡಬ್ಬಿಯಲ್ಲಿ ಸುಣ್ಣ.

ಅಂಗಡಿಯ ಹಿಂದೆ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಹಳೇ ಕಬ್ಬಿಣದ ಡಬ್ಬದಲ್ಲಿ ಬೂದಿಯನ್ನು ಕುದಿಸಿ, ಇಳಿಸಿ, ತಿಳಿಯಾದ ನೀರನ್ನು ಬಸಿದುಕೊಂಡಳು. ಅದಕ್ಕೆ ಸುಣ್ಣ ಕಲಸಿದಳು. ಎಣ್ಣೆಗಿಂಡಿಯ ಜಿಗುಟು ತೆಗೆಯಲು ಅವಳ ಅತ್ತೆ, ಅಂದರೆ ನನ್ನ ಅವ್ವ, ಕಲಿಸಿದ ಮದ್ದು ಅದು. ನನಗೆ ಯಾರೂ ಕಲಿಸಿರಲಿಲ್ಲ, ನಾನು ಹಾಸ್ಟೆಲಿನಲ್ಲಿ ಪೊಯಟ್ರಿ ಬಾಯಿಪಾಠ ಮಾಡುತ್ತಿದ್ದೆ. ಮಿಸ್ತ್ರಿ ಒಂದೇ ಒಂದು ಎಚ್ಚರಿಕೆ ಕೊಟ್ಟ, ಈ ನೀರು ಬಣ್ಣಕ್ಕೂ ಕೈಗೂ ತಾಗಬಾರದು. ಫ್ರೀವೀಲನ್ನು ತಂತಿಗೆ ಕಟ್ಟಿ ಅವನೇ ಅದರೊಳಗೆ ಇಳಿಬಿಟ್ಟ. ಕುದಿಯುತ್ತ ನೀರು ಚಹಾದ ಬಣ್ಣಕ್ಕೆ ಬಂತು, ಆಮೇಲೆ ಕಾಫಿಯ ಬಣ್ಣಕ್ಕೆ. ಹಳೇ ಕರಿದೆಣ್ಣೆಯ ವಾಸನೆ ಓಣಿಯೆಲ್ಲ ಹಬ್ಬಿತು. ಪಕ್ಕದ ಟೇಲರು ಬಂದು, ಏನು ಪಂಚಮಿಗೆ ಮೊದಲೇ ಕರಿಯಲು ಸುರು ಮಾಡಿದಿರಾ ಎಂದು ಕೇಳಿ ಹೋದ.

ಮಧ್ಯಾಹ್ನದ ಹೊತ್ತಿಗೆ ಮಿಸ್ತ್ರಿ ಅದನ್ನು ಎತ್ತಿ ಬಿಸಿನೀರಲ್ಲಿ ಜಾಲಿಸಿ, ಒರೆಸಿ, ನಾಲ್ಕು ಹನಿ ಯಂತ್ರದ ಎಣ್ಣೆ ಬಿಟ್ಟ. ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ನೂಕಿದ. ಏನೂ ಇಲ್ಲ. ಇನ್ನೊಮ್ಮೆ ನೂಕಿದ. ಟಿಕ್. ನಾವಿಬ್ಬರೂ ಹತ್ತಿರ ಬಾಗಿದೆವು. ಟಿಕ್, ಟಿಕ್. ಆಮೇಲೆ ಅದು ತಾನೇ ನೆನಪು ಮಾಡಿಕೊಂಡ ಹಾಗೆ ಟಿರ್‌ರ್‌ರ್ ಎಂದಿತು.

ವೈನಿ ಸೆರಗನ್ನು ಬಾಯಿಗೆ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ, ರೊಟ್ಟಿಗೆ ಹೊತ್ತಾಯಿತು ಎಂದಳು. ಹಿಟ್ಟು ಎಲ್ಲಿತ್ತು, ಹಂಚು ಎಲ್ಲಿತ್ತು? ಮಿಸ್ತ್ರಿ ತನ್ನ ಮನೆಯಿಂದ ಊಟ ತರಿಸಿದ.

ಸಂಜೆ ಹತ್ತಿರದ ಶಾಲೆ ಬಿಟ್ಟ ಮೇಲೆ ಅದರ ಮೈದಾನಕ್ಕೆ ಸೈಕಲ್ಲನ್ನು ತಳ್ಳಿಕೊಂಡು ಹೋದೆವು. ಮಿಸ್ತ್ರಿ ಹೊಸ ಟೈರು ಹಾಕಿ, ಸೀಟನ್ನು ತೀರ ಕೆಳಗಿಳಿಸಿಕೊಟ್ಟಿದ್ದ. ಸುಮ್ಮನೆ ತಳ್ಳಿ ಸಪ್ಪಳ ಕೇಳೋಣ ಎಂಬುದು ನನ್ನ ಪ್ಲ್ಯಾನ್. ವೈನಿ ಕಚ್ಚೆ ಬಿಗಿದುಕೊಳ್ಳುವುದನ್ನು ಕಂಡಾಗ ಪ್ಲ್ಯಾನ್ ಬೇರೆ ಇದೆ ಎಂದು ಗೊತ್ತಾಯಿತು. ಬೇಡ ಎಂದೆ, ಮೊಣಕಾಲು, ಬಿಪಿ, ಮಗಳು ಎಂದೆಲ್ಲ ಹೇಳಿದೆ. ಮಿಸ್ತ್ರಿ ಸೈಕಲ್ಲನ್ನು ಓರೆಯಾಗಿ ಮಲಗಿಸಿ ಹಿಡಿದ, ಅವಳು ದಾಟಿ ಕೂತಳು. ನಾನು ಹಿಂದಿನಿಂದ ಸೀಟು ಹಿಡಿದೆ. ಈ ಸಲ ಓಡಲಾಗಲಿಲ್ಲ, ನಡೆದೆ. ಅವನು ಒಂದು ಕಡೆ, ನಾನು ಹಿಂದೆ. ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದೆವು.

"ಕೈ ಬಿಡಬ್ಯಾಡ ಮತ್ತ, ಹೋದ ಸಲ ಬಿಟ್ಟಿದ್ದಿ," ಎಂದು ತಿರುಗದೆಯೇ ಅಂದಳು. ಈ ಸಲ ತಿರುಗಿ ನೋಡುವ ತಪ್ಪು ಮಾಡಲಿಲ್ಲ.

ಆಮೇಲೆ, ಇನ್ನು ನಿನ್ನ ಪಾಳಿ ಎಂದಳು. ನನ್ನದು ಆರು ಗಜದ ಕಾಟನ್ ಸೀರೆ, ಕಚ್ಚೆಗೆ ಸಾಲದು ಎಂದೆ. ನೆರಿಗೆಯನ್ನು ಎರಡು ಕಾಲ ನಡುವೆ ಎಳೆದು ಹಿಂದೆ ಸಿಕ್ಕಿಸಿ ಹೇಗೋ ಮಾಡಿಬಿಟ್ಟಳು. ಅರವತ್ತೊಂಬತ್ತರಲ್ಲಿ ನಾನು ಮೊದಲ ಬಾರಿಗೆ ಒಂದು ಸೈಕಲ್ಲಿನ ಮೇಲೆ ಕಾಲು ಅಗಲಿಸಿ ಕೂತೆ. ಸಿಸ್ಟರ್ಸ್, ಪ್ಲೀಸ್ ಫರ್ಗಿವ್ ಮಿ. ಹತ್ತು ಮಾರು ಹೋಗಿರಬೇಕು. ಕೆಳಗೆ ಇಳಿಯುವ ಹೊತ್ತಿಗೆ ಸೀರೆ ಅರ್ಧ ನನ್ನ ಮೇಲೆ, ಅರ್ಧ ಚೈನಿನಲ್ಲಿ. ಸೀರೆ ಬಿಡಿಸಲು ಮಿಸ್ತ್ರಿಗೆ ಕಾಲು ತಾಸು ಹಿಡಿಯಿತು, ಅಷ್ಟು ಹೊತ್ತೂ ವೈನಿ ಮೈದಾನದ ಕಲ್ಲಿನ ಮೇಲೆ ಕೂತು ನಕ್ಕಳು.

ಪಂಚಮಿಯ ಹಿಂದಿನ ದಿನ ಟೆಂಪೋ ಮುದ್ದೇಬಿಹಾಳ ಮುಟ್ಟಿತು. ಮಗಳು ಬಾಗಿಲಲ್ಲೇ ನಿಂತು ಗಾಲಿ ತಿರುಗಿಸಿ ನೋಡಿದಳಂತೆ. ಆ ಸಪ್ಪಳ ಕೇಳಿ, ಅಪ್ಪಾ ಬಂದಂಗಾತು ನೋಡವ್ವಾ ಎಂದು ಸೈಕಲ್ಲನ್ನು ತಾನೇ ಹಜಾರದೊಳಗೆ ತಂದು ನಿಲ್ಲಿಸಿದಳಂತೆ. ಖಂಡೆ ಪೂಜೆಯ ದಿನ ವೈನಿ ಫೋನ್ ಮಾಡಿ, ಈ ಸಲ ವಿಭೂತಿ ಅಷ್ಟೇ, ಎಣ್ಣೆ ಇಲ್ಲ ಎಂದು ವರದಿ ಒಪ್ಪಿಸಿದಳು.

ದೀಪಾವಳಿಗೆ ನಾನು ಅಲ್ಲಿ ನಾಲ್ಕು ದಿನ ಇದ್ದು ಬಂದೆ. ಹೊರಟಾಗ ಬಸ್ ನಿಲ್ದಾಣದವರೆಗೆ ಕಳಿಸಲು ಬಂದಳು, ಸೈಕಲ್ ತಳ್ಳಿಕೊಂಡು. ಮೊಣಕಾಲಿಗೆ ಕೋಲಿಗಿಂತ ಇದೇ ಆಸರೆ ಎಂದಳು. ಟಗರಿನ ಒಂದು ಕೋಡಿಗೆ ನನ್ನ ಚೀಲ, ಇನ್ನೊಂದಕ್ಕೆ ಕರ್ಚಿಕಾಯಿ ಕಟ್ಟಿದ ಗಂಟು. ದಾರಿಯುದ್ದಕ್ಕೂ ಗಾಲಿ ಟಿಕ್‌ಟಿಕ್ ಎನ್ನುತ್ತಿತ್ತು. ಬಾಗೇವಾಡಿಯ ಬಸ್ಸು ಬಂತು. ಹತ್ತಿ ಕಿಟಕಿಯ ಬಳಿ ಕೂತೆ. ಆಗಲೇ ಬಸ್ಸಿನ ಇಂಜಿನ್ ಗರ್ಜಿಸುತ್ತಿತ್ತು, ಅವಳು ಏನೋ ಹೇಳಿದ್ದು ಕೇಳಲಿಲ್ಲ. ಕಿವಿಗೆ ಕೈ ಹಿಡಿದು ಸನ್ನೆ ಮಾಡಿದೆ. ಅವಳು ಒಂದು ಕೈಯಿಂದ ಸೀಟು ಹಿಡಿದು ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿದಳು, ಕಾಲಿನಿಂದ ಪೆಡಲನ್ನು ಒಂದು ಸಲ ಒದ್ದಳು. ಮುರಿದ ಹಲ್ಲು ತೋರಿಸಿ ನನ್ನ ಕಡೆ ನೋಡಿದಳು. ಬಸ್ಸು ತಿರುವು ತೆಗೆದುಕೊಂಡಿತು. ಸಪ್ಪಳ ನನಗೆ ಕೇಳಲಿಲ್ಲ. ವೈನಿ ಕಣ್ಣಿಗೆ ಮರೆಯಾಗುವಾಗ ಗಾಲಿ ಇನ್ನೂ ತಿರುಗುತ್ತಿತ್ತು.